ಹೇಳಿಕೊಳ್ಳಲು ಹಿಡಿದ ಏಳು ವಾರ

2023ರ ಏಪ್ರಿಲ್ 14, ಶುಕ್ರವಾರ. ಮರುದಿನ ವಿಷು, ನಮ್ಮ ಕಡೆಯ ಹೊಸ ವರ್ಷದ ಹಬ್ಬ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಚಿಕ್ಕಮ್ಮನ ಮನೆಯ ದೇವರ ಕೋಣೆಯಲ್ಲಿ, ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿ ಇಡುವ ಕೆಲಸ ನಡೆದಿತ್ತು. ಉರುಳಿಗೆ ಅಕ್ಕಿ ಸುರಿದು, ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ ಎಲ್ಲ ಇಟ್ಟಾಗಿತ್ತು. ಕೊನ್ನೆ ಹೂ ತರುತ್ತೇನೆಂದು ಅಂಗಳಕ್ಕೆ ಇಳಿದ ಚಿಕ್ಕಮ್ಮನ ಮಗಳು ಎಷ್ಟು ಹೊತ್ತಾದರೂ ಬರಲಿಲ್ಲ. ಟಾರ್ಚ್ ಹಿಡಿದು ಹೋದೆ. ಹಟ್ಟಿಯ ಗೋಡೆಗೆ ಒರಗಿ ನಿಂತಿದ್ದಳು, ಹೂ ಕೈಯಲ್ಲೇ ಇತ್ತು.

"ಅಣ್ಣ, ಎನ್ನ ಕೆಲಸ ಹೋತು."

"ಏವಗ?"

"ಫೆಬ್ರವರಿಲಿ."

ಲೆಕ್ಕ ಹಾಕಿದರೆ ಸರಿಯಾಗಿ ಏಳು ವಾರ. ಈ ಏಳು ವಾರವೂ ಅವಳು ಬೆಂಗಳೂರಿನ ಬಾಡಿಗೆ ಮನೆಯಲ್ಲೇ ಇದ್ದಳು. ದಿನಾ ರಾತ್ರಿ ಮನೆಗೆ ಫೋನ್ ಮಾಡಿ "ಈಗಷ್ಟೇ ಕೆಲಸ ಮುಗಿಯಿತು" ಎನ್ನುತ್ತಿದ್ದಳು. ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಒಂದನೇ ತಾರೀಕಿಗೆ ತಪ್ಪದೆ ಹದಿನೈದು ಸಾವಿರ ರೂಪಾಯಿ ಅಪ್ಪನ ಖಾತೆಗೆ ಹಾಕಿದ್ದಳು.

ಈ ಪ್ರಕರಣವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವಳು ಓದಿ ಎರಡು ಕಡೆ ತಿದ್ದಿದ್ದಾಳೆ. ಅವಳ ಹೆಸರು, ಕಂಪನಿಗಳ ಹೆಸರು ಇಲ್ಲಿ ಬರುವುದಿಲ್ಲ. ನಾನು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಜನರನ್ನು ಕೆಲಸಕ್ಕೆ ಆರಿಸುವ ವಿಭಾಗದಲ್ಲಿದ್ದೇನೆ. ದಿನಾ ರೆಸ್ಯೂಮೆ ಓದುವವನು. ಹಾಗಿದ್ದೂ ನನ್ನ ತಂಗಿಯ ವಿಷಯ ನನಗೆ ಏಳು ವಾರ ತಿಳಿಯಲಿಲ್ಲ ಎಂಬ ನೋವು ಈ ಬರಹದ ಹಿಂದಿದೆ. ನಮ್ಮ ಕಂಪನಿಯಲ್ಲೂ ಆ ವರ್ಷ ಹೊಸ ನೇಮಕಾತಿ ನಿಂತಿತ್ತು, ಹಾಗಾಗಿ ನನ್ನಲ್ಲೇ ಒಂದು ಕುರ್ಚಿ ಕೊಡಿಸುವ ದಾರಿ ಇರಲಿಲ್ಲ.

ಹಿನ್ನೆಲೆ

ವಯಸ್ಸು 31. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಜಿಲ್ಲೆಯೊಳಗೇ ಎಂಜಿನಿಯರಿಂಗ್. ಒಟ್ಟು ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೊನೆಯ ಕಂಪನಿಗೆ ಸೇರಿದ್ದು 2018ರ ಜುಲೈ 16ಕ್ಕೆ. ಮೊಬೈಲ್ ಆ್ಯಪ್ ಮೂಲಕ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಸ್ಟಾರ್ಟಪ್ ಅದು. ಆ್ಯಪ್ ಕನ್ನಡ, ಮಲಯಾಳ, ತಮಿಳು, ತೆಲುಗುಗಳಲ್ಲೂ ಇತ್ತು. ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 82,000, ಅದರ ಮೂಲವೇತನ 40,000. ಊರಲ್ಲಿ ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ. ತಮ್ಮ ಎಂಜಿನಿಯರಿಂಗ್ ಎರಡನೇ ವರ್ಷ.

ಕೆಲಸ ಹೋದ ಕಾರಣ ಅವಳ ಕೈಯಲ್ಲಿರಲಿಲ್ಲ. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ವರೆಗೆ ಸೊನ್ನೆಯ ಹತ್ತಿರ ಇಟ್ಟಿದ್ದ ಬಡ್ಡಿದರವನ್ನು 2023ರ ಫೆಬ್ರವರಿ ಹೊತ್ತಿಗೆ ಶೇ 4.5–4.75ರ ಮಟ್ಟಕ್ಕೆ ಏರಿಸಿತ್ತು. ಬಡ್ಡಿ ಇಲ್ಲದ ಕಾಲದಲ್ಲಿ ಸ್ಟಾರ್ಟಪ್‌ಗಳಿಗೆ ಹರಿದ ದುಡ್ಡು ಬಡ್ಡಿ ಬರುವ ಕಡೆಗೆ ತಿರುಗಿತು. ದೊಡ್ಡವರೂ ಕೈ ಹಿಂದೆಗೆದ ಹೊತ್ತು. ಮೆಟಾ 2022ರ ನವೆಂಬರ್‌ನಲ್ಲಿ 11,000 ಮಂದಿಯನ್ನು, ಗೂಗಲ್ 2023ರ ಜನವರಿಯಲ್ಲಿ 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಸಾರಿದ್ದವು. ಆ್ಯಪ್‌ಗಳಿಂದ ಕೊಡುವ ಸಾಲಕ್ಕೆ ನಮ್ಮ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಬಿಗಿಯಾದ ಮಾರ್ಗಸೂಚಿ ಹೊರಡಿಸಿತ್ತು. ಇವೆಲ್ಲ ಸೇರಿ ಅವಳ ಹದಿನಾಲ್ಕು ಮಂದಿಯ ತಂಡದಲ್ಲಿ ಒಂಬತ್ತು ಮಂದಿ ಒಂದೇ ದಿನ ಹೊರಗೆ ಬಂದರು.

ನಡೆದದ್ದು ಫೆಬ್ರವರಿ 24, ಶುಕ್ರವಾರ. ಬೆಳಿಗ್ಗೆ ಹನ್ನೊಂದಕ್ಕೆ ಹದಿನೈದು ನಿಮಿಷದ ವಿಡಿಯೊ ಕರೆ. "ನೀವೇ ರಾಜೀನಾಮೆ ಕೊಟ್ಟರೆ ಮುಂದಿನ ಕಂಪನಿಯವರ ಎದುರು ನಿಮಗೇ ಒಳ್ಳೆಯದು" ಎಂದರು. ಎರಡು ತಿಂಗಳ ನೋಟಿಸಿನ ಸಂಬಳ, ಮೇಲೆ ಒಂದು ತಿಂಗಳದ್ದು. ಕೊನೆಯ ದಿನ ಅದೇ ದಿನ. ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಲಾಕ್ ಆಯಿತು. ಅದಕ್ಕೆ ಮುಂಚೆ ಪೋರ್ಟಲ್‌ನಲ್ಲಿ ರಾಜೀನಾಮೆಯ ಗುಂಡಿ ಒತ್ತಿ ಮುಗಿಸಿದ್ದಳು. ಯಾರನ್ನೂ ಕೇಳಲಿಲ್ಲ. ಕೇಳಬೇಕಿದ್ದರೆ ಮೊದಲು ಹೇಳಬೇಕಿತ್ತಲ್ಲ.

ಮೌನಕ್ಕೆ ತೆತ್ತದ್ದು

ನಮ್ಮ ಕಡೆ ಕಷ್ಟವನ್ನು ಬಾಯಿ ಬಿಟ್ಟು ಹೇಳುವುದಕ್ಕೂ, ಮಾಡಿದ ಕೆಲಸವನ್ನು ನಾಲ್ಕು ಜನರ ಎದುರು ಹೇಳುವುದಕ್ಕೂ ಒಂದೇ ಮಾತು: ಹೇಳಿಕೊಳ್ಳುವುದು. ಎರಡನ್ನೂ ನಮ್ಮವರು ಒಳ್ಳೆಯ ಗುಣವೆಂದು ಎಣಿಸುವುದಿಲ್ಲ. "ಅವಳು ಏನನ್ನೂ ಹೇಳಿಕೊಳ್ಳುವವಳಲ್ಲ" ಎಂದರೆ ಹೊಗಳಿಕೆ. ಈ ಹೊಗಳಿಕೆ ಕೇಳಿಯೇ ಬೆಳೆದ ಹುಡುಗಿಗೆ ಆ ಏಳು ವಾರ ಎಷ್ಟು ದುಬಾರಿಯಾಯಿತೆಂದು ನಾನು ಒಂದೊಂದಾಗಿ ಬರೆದಿಟ್ಟಿದ್ದೇನೆ.

ಮೊದಲನೆಯದು ವಿಮೆ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದರು. ಅದು ಫೆಬ್ರವರಿ 24ಕ್ಕೆ ಮುಗಿಯಿತು. ಅಪ್ಪನಿಗೆ ಬಿಪಿ ಇದೆ. ಗುಂಪು ವಿಮೆಯಿಂದ ಹೊರಬೀಳುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮದಲ್ಲಿ ಅವಕಾಶವಿದೆ. ಹಾಗೆ ಬದಲಾದರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಅದನ್ನು ಕೂಡಲೇ ಕೇಳಬೇಕು. ಕೇಳಲಿಲ್ಲ. ಏಪ್ರಿಲ್ ಕೊನೆಗೆ ಹೊಸ ಪಾಲಿಸಿ ಮಾಡಿಸಿದಾಗ ಬಿಪಿಗೆ ಮೂರು ವರ್ಷ ಕಾಯುವ ಷರತ್ತು ಬಂತು. ಆ ಏಳು ವಾರ ಅಪ್ಪ ವಿಮೆಯೇ ಇಲ್ಲದೆ ತೋಟದಲ್ಲಿ ಓಡಾಡಿಕೊಂಡಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯೊಳಗೆ ಹೇಗೋ ಆಗುತ್ತದೆ.

ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ದುಡ್ಡು. ಆಗ ಜಾರಿಯಲ್ಲಿದ್ದ 1972ರ ಕಾಯ್ದೆ ಐದು ವರ್ಷದ ನಿರಂತರ ಸೇವೆ ಕೇಳುತ್ತಿತ್ತು. ಅವಳದ್ದು ನಾಲ್ಕು ವರ್ಷ ಏಳು ತಿಂಗಳು ಚಿಲ್ಲರೆ. ಐದನೇ ವರ್ಷದಲ್ಲಿ 240 ದಿನ ದಾಟಿದ್ದರೆ ಐದು ವರ್ಷವೆಂದೇ ಎಣಿಸಬೇಕೆಂದು ಮದ್ರಾಸ್ ಹೈಕೋರ್ಟ್ 1996ರಲ್ಲಿ ಹೇಳಿದೆ. ಕೆಲವು ಕಂಪನಿಗಳು ಒಪ್ಪುತ್ತಿದ್ದವು, ಕೆಲವು ಒಪ್ಪುತ್ತಿರಲಿಲ್ಲ. ಅವಳ ಐದನೇ ವರ್ಷ ನಿಂತದ್ದು 224ನೇ ದಿನಕ್ಕೆ. "ನೋಟಿಸಿನ ದುಡ್ಡಿನ ಬದಲು ಒಂದೇ ಒಂದು ತಿಂಗಳು ನನ್ನನ್ನು ರೋಲ್‌ನಲ್ಲಿ ಉಳಿಸಿ, ಲ್ಯಾಪ್‌ಟಾಪ್ ಬೇಕಾದರೆ ಈಗಲೇ ತೆಗೆದುಕೊಳ್ಳಿ" ಎಂದು ಆ ಕರೆಯಲ್ಲೇ ಕೇಳಿದ್ದರೆ 240 ದಾಟುತ್ತಿತ್ತು. ಕಂಪನಿಗೆ ಅದರಿಂದ ಸಂಬಳದ ಹೆಚ್ಚಿನ ಹೊರೆ ಇರಲಿಲ್ಲ. ಮೂಲವೇತನ 40,000ವನ್ನು 26ರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದರೆ 1,15,385 ರೂಪಾಯಿ. ವಾರಕ್ಕೆ ಐದೇ ದಿನ ಕೆಲಸವಿರುವ ಕಡೆ 240ರ ಬದಲು 190 ದಿನ ಎಂಬ ಮಾತೂ ಅದೇ ಕಾಯ್ದೆಯಲ್ಲಿತ್ತು. ಮೇ ತಿಂಗಳಲ್ಲಿ ಅದನ್ನೇ ಹಿಡಿದು ಒಂದು ಇಮೇಲ್ ಬರೆಸಿದೆ. "ಐದು ವರ್ಷ ಆಗಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕೋಣ ಎಂದೆ. ಹುಡುಕಾಟದ ನಡುವೆ ಇನ್ನೊಂದು ಹೊರೆ ಬೇಡವೆಂದು ಅವಳು ಬಿಟ್ಟಳು. ಅದು ಅವಳ ತೀರ್ಮಾನ, ನಾನು ಒಪ್ಪಲೇಬೇಕು. ಆದರೆ ಬಿಡಬಾರದಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ರಾಜೀನಾಮೆಯ ಬಗ್ಗೆಯೂ ಒಂದು ಮಾತು. ಕಂಪನಿ ತೆಗೆದುಹಾಕುವುದಕ್ಕೂ ನಾವೇ ಬಿಡುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. ತೆಗೆದುಹಾಕಿದರೆ ಪರಿಹಾರ ಕೇಳುವ ಹಕ್ಕು ಹುಟ್ಟಬಹುದು. ರಾಜೀನಾಮೆ ಬರೆದುಕೊಟ್ಟ ಮೇಲೆ ಆ ವಾದಕ್ಕೆ ಬಲ ಉಳಿಯುವುದಿಲ್ಲ. ಒಂದು ರಾತ್ರಿ ಸಮಯ ಕೇಳಿ ಗೊತ್ತಿರುವವರಲ್ಲಿ ವಿಚಾರಿಸಬಹುದಿತ್ತು.

ಮೂರನೆಯದು ಹೋದ ಅವಕಾಶ. ಅವಳ ಹಿಂದಿನ ಮ್ಯಾನೇಜರ್ ಒಬ್ಬರು ಮಾರ್ಚ್‌ನಲ್ಲಿ ಬೇರೆ ಕಂಪನಿಯಲ್ಲಿ ಟೆಸ್ಟಿಂಗ್ ತಂಡ ಕಟ್ಟುತ್ತಿದ್ದರು. ಲಿಂಕ್ಡ್‌ಇನ್‌ನಲ್ಲಿ ಅವಳು ಇನ್ನೂ ಹಳೆಯ ಕಂಪನಿಯಲ್ಲೇ ಇದ್ದಂತೆ ಕಾಣುತ್ತಿತ್ತು. ಕೊನೆಯ ಸೀಟು ತುಂಬಿದ್ದು ಏಪ್ರಿಲ್ 3ಕ್ಕೆ. ವಿಷು ಕಳೆದು ಅವಳು ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ನೀವು ಖುಷಿಯಾಗಿದ್ದೀರಿ ಅಂದುಕೊಂಡು ಕೇಳಲಿಲ್ಲ."

ಇನ್ನೊಂದನ್ನು ಅವಳು ಎಲ್ಲಕ್ಕಿಂತ ಕೊನೆಗೆ, ಜೂನ್‌ನಲ್ಲಿ ಹೇಳಿದಳು. "ನಿಮ್ಮ ರೆಸ್ಯೂಮೆಯನ್ನು ಐನೂರು ಕಂಪನಿಗಳ ಎಚ್‌ಆರ್‌ಗೆ ತಲುಪಿಸುತ್ತೇವೆ" ಎಂದವರಿಗೆ 4,999 ರೂಪಾಯಿ ಕೊಟ್ಟಿದ್ದಳು. ಮಾರನೇ ವಾರ ಅವರೇ "ಆಫರ್ ಬಂದಿದೆ, ಲ್ಯಾಪ್‌ಟಾಪಿಗೆ ಡೆಪಾಸಿಟ್ 12,500 ಕಟ್ಟಿ" ಎಂದಾಗ ಅನುಮಾನ ಬಂದು ನಿಲ್ಲಿಸಿದಳು. ಕೆಲಸ ಕೊಡುವವನು ದುಡ್ಡು ಕೇಳುವುದಿಲ್ಲ ಎಂದು ಪಕ್ಕದಲ್ಲಿ ಕೂತ ಯಾರೇ ಆದರೂ ಹೇಳುತ್ತಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಇಂಥದ್ದು ನಡೆದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತದೆ.

ಇನ್ನು ಪಿಎಫ್. ಕೆಲಸ ಬಿಟ್ಟು ಒಂದು ತಿಂಗಳಾದರೆ ಶೇ 75, ಎರಡು ತಿಂಗಳಾದರೆ ಉಳಿದದ್ದು ತೆಗೆಯಬಹುದು ಎಂಬುದು ಆಗಿನ ನಿಯಮ. ಮೇ ಒಂದನೇ ತಾರೀಕಿನ ಹದಿನೈದು ಸಾವಿರವನ್ನು ಅದರಿಂದ ಹೊಂದಿಸುವುದೆಂದು ಅರ್ಜಿ ತುಂಬಿ ಇಟ್ಟಿದ್ದಳು. ಅದನ್ನು ಕಳಿಸುವ ಮುಂಚೆ ತಡೆಯುವುದಕ್ಕಾದರೂ ನಮಗೆ ಸಮಯ ಸಿಕ್ಕಿತು.

ಮನೆಯಲ್ಲಿ ಹೇಳಿದ್ದು

ವಿಷುವಿನ ದಿನ ಮಧ್ಯಾಹ್ನ ಊಟವಾದ ಮೇಲೆ ಅವಳೇ ಹೇಳಿದಳು. ನಾನು ಪಕ್ಕದಲ್ಲಿದ್ದೆ, ಅಷ್ಟೇ. ಚಿಕ್ಕಮ್ಮ ಎದ್ದು ಒಳಗೆ ಹೋದರು, ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗೂ ಕಾಫಿ ತಂದರು. ಚಿಕ್ಕಪ್ಪ ಜಗಲಿಯ ಮೇಜಿನಿಂದ ಲೆಕ್ಕದ ಪುಸ್ತಕ ತಂದರು. ಅಡಿಕೆ ಮಾರಿದ್ದು, ಕಾಯಿ ಕೀಳುವವರಿಗೆ ಕೊಟ್ಟದ್ದು, ಮಗಳು ಕಳಿಸಿದ್ದು, ಎಲ್ಲ ಒಂದೇ ಪುಸ್ತಕದಲ್ಲಿ. ಬೆರಳಿಟ್ಟು ಮಾರ್ಚ್ ಮತ್ತು ಏಪ್ರಿಲ್‌ನ ಸಾಲು ಹುಡುಕಿದರು.

"ಹಾಂಗಾರೆ ಈ ಪೈಸೆ ಎಲ್ಲಿಂದ?"

"ಉಳಿಸಿದ್ದರಿಂದ."

ಅವರು ಪುಸ್ತಕ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವಳು ಆಮೇಲೆ ನನ್ನಲ್ಲಿ ಹೇಳಿದಳು.

ಅದೇ ರಾತ್ರಿ ಲೆಕ್ಕಕ್ಕೆ ಕೂತೆವು. ಕೈಯಲ್ಲಿದ್ದದ್ದು ಸುಮಾರು ಐದು ಲಕ್ಷ. ಬೆಂಗಳೂರಿನ ಖರ್ಚು 34,000, ಮನೆಗೆ 15,000, ಒಟ್ಟು 49,000. ಹಾಗೇ ಮುಂದುವರಿದರೆ ಹತ್ತು ತಿಂಗಳು. ಊರಿಗೆ ಬಂದು ಕೂತರೆ, ಮನೆಗೆ ಕಳಿಸುವುದನ್ನು ನಿಲ್ಲಿಸಿದರೆ, ತಿಂಗಳಿಗೆ ಇಪ್ಪತ್ತು ಸಾವಿರ ಸಾಕು. ತಮ್ಮನ ಫೀಸು ಕಳೆದರೂ ಒಂದೂವರೆ ವರ್ಷ ದಾಟುತ್ತದೆ. ಈ ಅಂಕಿ ಕಾಗದದ ಮೇಲೆ ಕಂಡಾಗ ಅವಳ ಮುಖದ ಬಿಗಿ ಸಡಿಲವಾದದ್ದು ನನಗೆ ನೆನಪಿದೆ. ಪಿಎಫ್ ಅರ್ಜಿಯನ್ನು ಹಾಗೇ ಬಿಟ್ಟಳು. ಏಪ್ರಿಲ್ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡಿ, ಯಶವಂತಪುರದ ರಾತ್ರಿ ರೈಲು ಹತ್ತಿ ಬಂದಳು.

ಊರವರ ಸಲಹೆಗಳಿಗೆ ಕೊರತೆ ಇರಲಿಲ್ಲ. ಬಿಎಡ್ ಮಾಡಿ ಕನ್ನಡ ಟೀಚರ್ ಆಗು, ಪಿಎಸ್‌ಸಿ ಬರಿ, ದುಬೈಯಲ್ಲಿ ನೋಡು, ಹೇಗೂ ಈಗ ಊರಲ್ಲೇ ಇದ್ದಾಳಲ್ಲ ಮದುವೆ ಮಾಡಿಬಿಡಿ. ಕೊನೆಯದಕ್ಕೆ ಚಿಕ್ಕಮ್ಮನೇ ಉತ್ತರ ಕೊಟ್ಟರು. ಏನು ಹೇಳಿದರೆಂದು ಗೊತ್ತಿಲ್ಲ, ಆಮೇಲೆ ಆ ಮಾತು ಕೇಳಿಬರಲಿಲ್ಲ.

ನಾನು ಮಾಡಿದ ತಪ್ಪು

ಮೊದಲ ಮೂರು ವಾರ ನಾನು ಅವಳನ್ನು ತಪ್ಪು ದಾರಿಯಲ್ಲಿ ನಡೆಸಿದೆ. ಜಾಹೀರಾತುಗಳಲ್ಲೆಲ್ಲ ಪ್ರೋಗ್ರಾಂ ಬರೆದು ಪರೀಕ್ಷೆ ನಡೆಸುವ ಆಟೊಮೇಷನ್, ಅದಕ್ಕೆ ಬಳಸುವ ಪ್ಲೇರೈಟ್, ಎಪಿಐ ಟೆಸ್ಟಿಂಗ್ ಎಂದೇ ಕಾಣುತ್ತಿತ್ತು. ಅವಳಿಗೆ ಅಂಥದ್ದೇ ಹಳೆಯ ಸಾಧನ ಸೆಲೆನಿಯಮ್ ಬರುತ್ತಿತ್ತು, ಉಳಿದದ್ದು ಅಷ್ಟಕ್ಕಷ್ಟೆ. "ಮೊದಲು ಇದನ್ನೆಲ್ಲ ಕಲಿ, ಆಮೇಲೆ ಅರ್ಜಿ" ಎಂದೆ. ಅವಳು ಬೆಳಿಗ್ಗೆ ಐದೂವರೆಗೆ ಎದ್ದು ವಿಡಿಯೊ ನೋಡುತ್ತಾ ಕೂತಳು. ದಿನ ಹೋದಂತೆ ನನಗೆ ಏನೂ ಬರುವುದಿಲ್ಲ ಎಂಬ ಭಾವನೆಯೇ ಬಲಿಯಿತು. ಎಂಟು ವರ್ಷ ಕೆಲಸ ಮಾಡಿದವಳನ್ನು ನಾನು ಒಂದನೇ ಕ್ಲಾಸಿಗೆ ಕೂರಿಸಿದ್ದೆ.

ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಒಬ್ಬಳೇ ಇದ್ದಾಗ ಅವಳು ನೌಕ್ರಿಯಲ್ಲಿ ಮತ್ತು ಲಿಂಕ್ಡ್‌ಇನ್‌ನಲ್ಲಿ 143 ಅರ್ಜಿ ಹಾಕಿದ್ದಳು. ಬಂದ ಕರೆ ನಾಲ್ಕು. ಆ ನಾಲ್ಕರಲ್ಲೂ "ಯಾಕೆ ಬಿಟ್ಟಿರಿ?" ಎಂದು ಕೇಳಿದರು, ಅವಳು "ವೈಯಕ್ತಿಕ ಕಾರಣ" ಎಂದಳು, ಮಾತು ಅಲ್ಲಿಗೇ ತಣ್ಣಗಾಯಿತು. ಆರಿಸುವವನಾಗಿ ನನಗೆ ಇದರ ಹಿಂದಿನ ಲೆಕ್ಕ ಗೊತ್ತು. 2023ರ ವಸಂತದಲ್ಲಿ ಲೇಆಫ್ ಎಂಬ ಮಾತಿಗೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. "ವೈಯಕ್ತಿಕ ಕಾರಣ"ಕ್ಕೆ ಏರಿಸುತ್ತಿದ್ದರು.

ಅಡಿಕೆ ಸುಲಿಯುವಾಗ ಸಿಕ್ಕಿದ್ದು

ಮೇ ಎರಡನೇ ಭಾನುವಾರ. ಒಣಗಿದ ಚಾಲಿ ಅಡಿಕೆಯನ್ನು ಜಗಲಿಗೆ ತಂದು ಸುಲಿಯುತ್ತಿದ್ದೆವು. ಅವಳ ರೆಸ್ಯೂಮೆ ನನ್ನ ಜೇಬಿನಲ್ಲಿತ್ತು. ಅದರ ಮೊದಲ ಸಾಲು: "ಲೋನ್ ಮಾಡ್ಯೂಲ್‌ನ ಫಂಕ್ಷನಲ್ ಟೆಸ್ಟಿಂಗ್‌ಗೆ ರೆಸ್ಪಾನ್ಸಿಬಲ್." ಇಂಥ ಸಾಲನ್ನು ನಾನು ವಾರಕ್ಕೆ ನೂರು ಸಲ ಓದುತ್ತೇನೆ, ಒಂದೂ ನೆನಪಿರುವುದಿಲ್ಲ. ಕಾಗದ ಪಕ್ಕಕ್ಕಿಟ್ಟು, ಇಂಗ್ಲಿಷ್ ಬಿಟ್ಟು, ನಮ್ಮ ಭಾಷೆಯಲ್ಲೇ ಹೇಳು ಎಂದೆ. ಈ ನಾಲ್ಕೂವರೆ ವರ್ಷದಲ್ಲಿ ಒಂದು ದಿನ ನೀನು ಏನು ಮಾಡಿದೆ, ಯಾವುದಾದರೂ ಒಂದು ದಿನ.

ಸ್ವಲ್ಪ ಯೋಚಿಸಿದಳು. "ಹೆಸರಿಂದೊಂದು ಗಲಾಟೆ ಇತ್ತು. ಅದೆಂತ ದೊಡ್ಡ ಸಂಗತಿ ಅಲ್ಲ ಅಣ್ಣ."

2021ರಲ್ಲಿ ಕೇರಳದ ಗ್ರಾಹಕರಿಂದ ಒಂದೇ ಬಗೆಯ ದೂರು ಬರುತ್ತಿತ್ತಂತೆ. ಕಂತು ಕಟ್ಟಿದ್ದೇವೆ, ಆದರೂ ಕಟ್ಟಿಲ್ಲವೆಂದು ಫೋನ್ ಬರುತ್ತಿದೆ ಎಂದು. ಡೆವಲಪರ್‌ಗಳು ಪಾವತಿಯ ಕೋಡ್ ಜಾಲಾಡಿದರು, ತಪ್ಪು ಸಿಗಲಿಲ್ಲ. ಇವಳು ದೂರು ಕೊಟ್ಟವರ ಹೆಸರುಗಳನ್ನು ಮಲಯಾಳದಲ್ಲೇ ಒಂದರ ಕೆಳಗೊಂದು ಬರೆದು ನೋಡಿದಳು. ಹೆಚ್ಚಿನವು ಚಿಲ್ಲಕ್ಷರದಲ್ಲಿ, ಅಂದರೆ ಸ್ವರವಿಲ್ಲದ ವ್ಯಂಜನಕ್ಕೆ ಮಲಯಾಳದಲ್ಲಿರುವ ವಿಶೇಷ ಅಕ್ಷರದಲ್ಲಿ, ಕೊನೆಯಾಗುತ್ತಿದ್ದವು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಗೊತ್ತುಮಾಡುವ ಮಾನಕ ಯೂನಿಕೋಡ್. 2008ರಲ್ಲಿ ಬಂದ ಅದರ 5.1ನೇ ಆವೃತ್ತಿ ಮಲಯಾಳದ ಚಿಲ್ಲಕ್ಷರಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿತು. ಅದಕ್ಕೂ ಮೊದಲು ಅದೇ ಅಕ್ಷರವನ್ನು ವ್ಯಂಜನ, ಸ್ವರ ತೆಗೆಯುವ ಚಂದ್ರಕ್ಕಲೆ ಚಿಹ್ನೆ, ಕಣ್ಣಿಗೆ ಕಾಣದ ಒಂದು ಜೋಡಕ, ಹೀಗೆ ಮೂರು ಸೇರಿಸಿ ಬರೆಯುತ್ತಿದ್ದರು. ಕೆಲವು ಕೀಬೋರ್ಡ್‌ಗಳು ಹಳೆಯ ರೀತಿಯನ್ನೇ ಮುಂದುವರಿಸಿವೆ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸಿಬ್ಬಂದಿ ಹೆಸರು ಹುಡುಕಿದಾಗ ಸಿಗುವುದಿಲ್ಲ, ಹೊಸ ದಾಖಲೆ ತೆರೆಯುತ್ತಾರೆ, ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ಒಬ್ಬ ಕಂತು ಕಟ್ಟುತ್ತಾನೆ, ಇನ್ನೊಬ್ಬನಿಗೆ ಫೋನ್ ಹೋಗುತ್ತದೆ.

"ಕನ್ನಡಲ್ಲಿಯೂ ಇದ್ದು" ಎಂದು ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ನಮ್ಮ ಊರಿನ ಹೆಸರು ಎರಡು ರೀತಿ ಬರೆದಳು. ಅರ್ಕಾವತ್ತು ಇಟ್ಟು ನೀರ್ಚಾಲು. ರಕಾರಕ್ಕೆ ಚಕಾರದ ಒತ್ತು ಕೊಟ್ಟು ನೀರ‍್ಚಾಲು. ಎರಡೂ ಅದೇ ಊರು, ಓದುವಾಗ ಅದೇ ಉಚ್ಚಾರ. ಎರಡನೆಯದರಲ್ಲಿ ರಕಾರದ ಬೆನ್ನಿಗೆ ಅದೇ ಕಾಣದ ಜೋಡಕ ಇರುತ್ತದೆ. ಒಂದು ರೀತಿಯಲ್ಲಿ ದಾಖಲಿಸಿ ಇನ್ನೊಂದು ರೀತಿಯಲ್ಲಿ ಹುಡುಕಿದರೆ ಊರೇ ಇಲ್ಲ. ಯೂನಿಕೋಡ್‌ನ ಮಾಮೂಲಿ ಸಮೀಕರಣದ ವಿಧಾನಗಳು ಇದನ್ನು ಸರಿಪಡಿಸುವುದಿಲ್ಲ, ಹುಡುಕುವ ಮುಂಚೆ ಬೇರೆಯಾಗಿಯೇ ಶುಚಿ ಮಾಡಬೇಕು. ಅವಳು ಎರಡು ಭಾಷೆಯ 212 ಹೆಸರುಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಸಾಧ್ಯವಿರುವ ಎಲ್ಲ ರೀತಿಯಲ್ಲಿ ಬರೆದು ಕೊಟ್ಟಿದ್ದಳು. ಅದರ ಮೇಲೆ ಕೋಡ್ ತಿದ್ದಿದರು. ಆ ಬಗೆಯ ದೂರು ನಿಂತಿತು.

"ಇದನ್ನು ಕಂಡುಹಿಡಿದದ್ದು ಯಾರು?"

"ನಾವು."

"ನಾವು ಅಂದರೆ?"

ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಬುಟ್ಟಿಗೆ ಹಾಕುವವರೆಗೂ ಮಾತಿಲ್ಲ. ಆಮೇಲೆ, "ಆನೇ." ನಾನೇ ಎಂದು.

ನಮ್ಮ ಕಾಸರಗೋಡಿನಲ್ಲಿ ಬಸ್ಸಿನ ಬೋರ್ಡಿನಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಎರಡು ಲಿಪಿಗಳ ನಡುವೆ ಬದುಕುವವರಿಗೆ ಒಂದೇ ಹೆಸರನ್ನು ಎರಡು ಕಡೆ ಎರಡು ರೀತಿ ಕಾಣುವುದು ಚಿಕ್ಕಂದಿನಿಂದ ಅಭ್ಯಾಸ. ಬೇರೆಯವರ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬಿದ್ದದ್ದು ಅದಕ್ಕೇ ಎಂದು ನನ್ನ ನಂಬಿಕೆ. ಅಂಥದ್ದನ್ನು ಅವಳು ರೆಸ್ಯೂಮೆಯಲ್ಲಿ ಒಂದು ಪದವಾಗಿಯೂ ಬರೆದಿರಲಿಲ್ಲ.

ಆಮೇಲಿನ ವಾರಗಳು

ರೆಸ್ಯೂಮೆ ಹೊಸದಾಗಿ ಬರೆದೆವು. ಮೊದಲು ಕನ್ನಡದಲ್ಲಿ, "ನಾನು" ಎಂದು ಶುರುವಾಗುವ ಆರು ಸಾಲು. ಆಮೇಲೆ ಅದನ್ನು ಇಂಗ್ಲಿಷಿಗೆ ಇಳಿಸಿದೆವು. ಹೆಸರುಗಳ ಕಥೆ ಮೊದಲ ಸಾಲಿಗೆ ಬಂತು: ಏನು ತೊಂದರೆ, ಹೇಗೆ ಕಂಡುಹಿಡಿದೆ, ಏನಾಯಿತು. ಸೇರಬಹುದಾದ ದಿನದ ಎದುರು "ತಕ್ಷಣ" ಎಂದು ಹಾಕಿದೆವು. ಇದರ ಬೆಲೆ ಕೆಲಸ ಹುಡುಕುವವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ತೊಂಬತ್ತು ದಿನ. ಇಂದು ಆರಿಸಿದವನು ಮೂರು ತಿಂಗಳಲ್ಲಿ ಇನ್ನೊಂದು ಆಫರ್ ಹಿಡಿದು ಬರದೆ ಇರುತ್ತಾನೆ. ಸೋಮವಾರವೇ ಬರುತ್ತೇನೆ ಎನ್ನುವವರು ನಮಗೆ ಬೇಕಾದವರು.

ಪ್ಲೇರೈಟ್ ಕಲಿಯುವುದನ್ನು ಬಿಡಲಿಲ್ಲ, ಆದರೆ ಅದಕ್ಕೊಂದು ಕೆಲಸ ಸಿಕ್ಕಿತು. ಹಳೆಯ ಕಂಪನಿಯ ಯಾವ ದಾಖಲೆಯನ್ನೂ ಮುಟ್ಟದೆ, ನಮ್ಮ ಸುತ್ತಿನ ಊರುಗಳ ಹೆಸರನ್ನೇ ಹಿಡಿದು ಹೊಸ ಪಟ್ಟಿ ಕಟ್ಟಿದಳು. ಒಂದು ಹುಡುಕಾಟದ ಪೆಟ್ಟಿಗೆ ಈ ಎಲ್ಲ ರೂಪಗಳಿಗೂ ಉತ್ತರ ಕೊಡುತ್ತದೆಯೇ ಎಂದು ತಾನೇ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟಳು.

ಹಳೆಯ ಸಹೋದ್ಯೋಗಿಗಳು 38 ಮಂದಿಗೆ ಬೇರೆ ಬೇರೆಯಾಗಿ ಬರೆದಳು, ಗುಂಪಿನಲ್ಲಿ ಹಾಕಲಿಲ್ಲ. "ಫೆಬ್ರವರಿಯಲ್ಲಿ ನಮ್ಮ ಹದಿನಾಲ್ಕು ಮಂದಿಯ ತಂಡದಲ್ಲಿ ಒಂಬತ್ತು ಮಂದಿಯನ್ನು ತೆಗೆದರು, ನಾನೂ ಒಬ್ಬಳು. ಭಾರತೀಯ ಭಾಷೆಗಳ ಆ್ಯಪ್ ಟೆಸ್ಟಿಂಗ್ ಕೆಲಸ ನೋಡುತ್ತಿದ್ದೇನೆ. ನಿಮ್ಮಲ್ಲಿ ಇದ್ದರೆ ಅಥವಾ ಇರುವವರು ಗೊತ್ತಿದ್ದರೆ ತಿಳಿಸಿ." ಇಷ್ಟೇ. ಕಳಿಸುವ ಮುಂಚೆ ಫೋನ್ ಕೈಯಲ್ಲಿ ಹಿಡಿದು ಇಡೀ ಸಂಜೆ ಅಂಗಳ ಸುತ್ತಿದಳು. 26 ಮಂದಿ ಉತ್ತರ ಬರೆದರು. ಅವರಲ್ಲಿ ಇಬ್ಬರು ತಾವೂ ಕೆಲಸ ಕಳೆದುಕೊಂಡವರು, ಯಾರಿಗೂ ಹೇಳದವರು.

ಮುಂದಿನದು ನೇರ ದಾರಿಯಲ್ಲ. ಪರಿಚಯದವರ ಮೂಲಕ ಮತ್ತು ಆರಿಸಿ ಹಾಕಿದ ಅರ್ಜಿ ಒಟ್ಟು 31, ಬಂದ ಕರೆ ಒಂಬತ್ತು. ಒಂದು ಕಡೆ ಮೂರು ಸುತ್ತು ಮುಗಿಸಿ ಉತ್ತರವೇ ಇಲ್ಲ. ಒಂದು ಕಡೆ ರಾತ್ರಿ ಪಾಳಿ. ಇನ್ನೊಂದು ಕಡೆ ಎಲ್ಲ ಸರಿಹೋಗಿ, ಆಫರ್ ಪತ್ರ ಬರುವ ವಾರ ನೇಮಕಾತಿಯನ್ನೇ ನಿಲ್ಲಿಸಿದರು. ಆ ರಾತ್ರಿ ಅವಳು ಊಟಕ್ಕೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ, ತಟ್ಟೆ ಮುಚ್ಚಿಟ್ಟು ಮಲಗಿದರು. ಗೊತ್ತಿರುವ ದುಃಖಕ್ಕೆ ಮನೆ ಹೊಂದಿಕೊಳ್ಳುವ ಬಗೆ ಅದು.

ಈಗ ಅವಳಿರುವ ಕಂಪನಿಯ ಸುಳಿವು ಬಂದದ್ದು ಆ 26ರಲ್ಲಿ ಒಬ್ಬಳಿಂದ. ಆಸ್ಪತ್ರೆಗಳಲ್ಲಿ ರೋಗಿಗಳ ನೋಂದಣಿಗೆ ಹಲವು ಭಾಷೆಯ ಸಾಫ್ಟ್‌ವೇರ್ ಮಾಡುವವರು, ಮಂಗಳೂರಿನಲ್ಲಿ ಸಣ್ಣ ಕಚೇರಿ. ಕೊನೆಯ ಸುತ್ತು ಜೂನ್ 28ಕ್ಕೆ. ಆ ವರ್ಷ ಮಳೆ ತಡವಾಗಿ ಜೂನ್ 8ಕ್ಕೆ ಕೇರಳ ಮುಟ್ಟಿತ್ತು, ತಿಂಗಳ ಕೊನೆಗೆ ಹಿಡಿದ ಮಳೆ ಬಿಡುತ್ತಿರಲಿಲ್ಲ. ಜಗಲಿಯ ತಗಡಿನ ಮಾಡಿನ ಕೆಳಗೆ ಕೂತರೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಕೊನೆಗೆ ಅಡಿಕೆ ಗೋಣಿ ಪೇರಿಸಿದ ಒಳಕೋಣೆಯೇ ಗತಿಯಾಯಿತು. ಮೂರು ಗೋಡೆಗೆ ಗೋಣಿಚೀಲ ಇದ್ದ ಕಾರಣ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ, ಒಳಗಿನ ಮಾತು ಮಾರ್ದನಿಸುತ್ತಿರಲಿಲ್ಲ. ವೈಫೈ ಅಲ್ಲಿಗೆ ಎಟುಕದೆಂದು ತಮ್ಮ ಹದಿನೈದು ಮೀಟರ್ ಕೇಬಲ್ ಎಳೆದ. ಕರೆಂಟ್ ಹತ್ತೂಕಾಲಕ್ಕೆ ಹೋಯಿತು, ಇನ್ವರ್ಟರ್ ತಡೆಯಿತು.

"ಯಾಕೆ ಬಿಟ್ಟಿರಿ?" ಎಂದು ಕೇಳಿದಾಗ ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿದಳು. ಅವರೂ ಮುಂದಕ್ಕೆ ಹೋದರು. ಆಮೇಲೆ ಒಂದು ನೋಂದಣಿ ಪುಟ ತೆರೆದು ಕೊಟ್ಟು, ನಲವತ್ತು ನಿಮಿಷದಲ್ಲಿ ತಪ್ಪು ಹುಡುಕಿ ಎಂದರು. ಊರಿನ ಹೆಸರಿನ ಜಾಗದಲ್ಲಿ ನೀರ್ಚಾಲು ಎಂದು ಬರೆದು ಉಳಿಸಿದಳು. ಇನ್ನೊಂದು ರೀತಿಯಲ್ಲಿ ಬರೆದು ಹುಡುಕಿದಳು. ಸಿಗಲಿಲ್ಲ. ಆಸ್ಪತ್ರೆಯಲ್ಲಿ ಇದರ ಅರ್ಥ ಏನೆಂದು ಅವರು ಕೇಳಿದರು. "ಹಳೆಯ ರೋಗಿಗೆ ಹೊಸ ಚೀಟಿ. ಮೊದಲು ಬರೆದಿಟ್ಟ ಅಲರ್ಜಿ ಹೊಸ ಚೀಟಿಯಲ್ಲಿ ಇರುವುದಿಲ್ಲ" ಎಂದಳಂತೆ.

ಜುಲೈ 12ಕ್ಕೆ ಆಫರ್. ಕೈಗೆ 64,000 ಎಂದರು, ಇವಳು 72,000 ಕೇಳಿದಳು, 70,000ಕ್ಕೆ ನಿಂತಿತು. ಹಳೆಯದಕ್ಕಿಂತ ಹನ್ನೆರಡು ಸಾವಿರ ಕಡಿಮೆ. ವಾರಕ್ಕೆ ಎರಡು ದಿನ ಮಂಗಳೂರು, ಮೂರು ದಿನ ಮನೆಯಿಂದ. ಬೆಂಗಳೂರಿನ ಬಾಡಿಗೆ ಇಲ್ಲದ ಲೆಕ್ಕದಲ್ಲಿ ನನಗಿದು ನಷ್ಟವಾಗಿ ಕಾಣಲಿಲ್ಲ. ಅವಳಿಗೆ ಸಂಬಳ ಇಳಿದದ್ದು ನೋವೇ. ಸೇರುವ ಮುಂಚಿನ ತಪಾಸಣೆಯಲ್ಲಿ ಪಿಎಫ್ ಸೇವಾ ದಾಖಲೆ ಕೇಳಿದರು, ಅದರಲ್ಲಿ ಬಿಟ್ಟ ದಿನ ಫೆಬ್ರವರಿ 24 ಎಂದೇ ಇತ್ತು. ಅವಳು ಹೇಳಿದ್ದೂ ಅದನ್ನೇ.

ಆಗಸ್ಟ್ 7ಕ್ಕೆ ಸೇರಿದಳು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಬಸ್ಸಿನಲ್ಲಿ ಕುಂಬಳೆ, ಅಲ್ಲಿಂದ ಮಂಗಳೂರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದುದರಿಂದ ತಲಪಾಡಿಯವರೆಗೆ ಕೆಸರು. ಮೊದಲ ದಿನ ಕೊಡೆ ಹಿಡಿದು ಚಿಕ್ಕಪ್ಪ ಬಸ್ಸಿನವರೆಗೆ ಹೋಗಿದ್ದರು.

ಆಗಸ್ಟ್ 31ಕ್ಕೆ ಮೊದಲ ಸಂಬಳ ಬಂತು, ತಿಂಗಳಿನ ಪೂರ್ತಿಯಲ್ಲ. ಹದಿನೈದು ಸಾವಿರ ಈಗ ಆಗುವುದಿಲ್ಲ, ಎಂಟು ಸಾವಿರ ಕೊಡುತ್ತೇನೆ ಎಂದು ಅವಳೇ ಅಪ್ಪನಿಗೆ ಹೇಳಿದಳು. ಚಿಕ್ಕಪ್ಪ ಪುಸ್ತಕ ತೆಗೆದು ತಾರೀಕು ಬರೆದರು, 8,000 ಎಂದು ಬರೆದರು. ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಸಂಬಳದ್ದೇ ಅಪ್ಪ."

ಆ ಸಾಲಿನ ಕೊನೆಗೆ "ಸಂಬಳ" ಎಂದು ಬರೆದು ಪುಸ್ತಕ ಮುಚ್ಚಿದರು.